ಸೇವ್ ಆತು ಅಂದ ಯಂತ್ರ

ಕೊಲ್ಲುವುದು ನನ್ನ ಕೆಲಸದ ಭಾಗ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕುರ್ಚಿಯಲ್ಲಿ ಕೂತವಳೇ, ಯಂತ್ರದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುವ ಕೆಲಸಗಳು ಯಾವುವೆಂದು ನೋಡಿ ಒಂದೊಂದನ್ನೇ ಮುಗಿಸುತ್ತೇನೆ. ಆ ಆಜ್ಞೆಯ ಹೆಸರೇ ‘ಕಿಲ್’. ಮೆತ್ತಗೆ ಹೇಳಿದರೆ ಸಾಯದಿದ್ದಾಗ ಅದಕ್ಕೆ ಒಂಬತ್ತು ಅಂತ ಒಂದು ಅಂಕಿ ಸೇರಿಸಬೇಕು, ಆಗ ಉಸಿರೆತ್ತಲೂ ಬಿಡುವುದಿಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿ ಮಾಡಿ ‘ಕೊಂದೆ’ ಅನ್ನುವುದು ನನಗೆ ‘ಚಹಾ ಕುಡಿದೆ’ ಅನ್ನುವಷ್ಟೇ ಸಾದಾ ಮಾತಾಗಿತ್ತು. ನನ್ನ ಯಂತ್ರದ ಕೋಣೆಯ ಬಿಳಿ ನೆಲದ ಮೇಲೆ ನಿಜವಾದ ರಕ್ತ ಬಿದ್ದ ದಿನದ ತನಕ.

ಆ ದಿನದ ಮಾತೇ ಹೇಳುತ್ತೇನೆ. ಅವತ್ತು ಒಬ್ಬ ನರ್ಸಿನ ಮಣಿಕಟ್ಟು ಮುರಿಯಿತು. ಅವಳ ನೌಕರಿ ಉಳಿಯುತ್ತದೋ ಇಲ್ಲವೋ, ಅವಳು ಮನೆಗೆ ಹೋಗುತ್ತಾಳೋ ಪೊಲೀಸ್ ಠಾಣೆಗೋ, ಎಲ್ಲವೂ ಡೇಟಾಬೇಸಿನ ಒಂದೇ ಒಂದು ಸಾಲಿನ ಮೇಲೆ ನಿಂತಿತ್ತು. ಆ ಸಾಲು ಅಲ್ಲಿ ಇರಲಿಲ್ಲ. ಅದನ್ನು ಕಳೆದವಳು ನಾನು, ನನ್ನ ಜೊತೆ ಇನ್ನೊಬ್ಬ.

ಮೊದಲು ನನ್ನ ಪುರಾಣ. ನಾನು ಹುಟ್ಟಿದ್ದು ನಾಗಪುರದಲ್ಲೇ. ಅಪ್ಪ ಗದಗ ಕಡೆಯವರು. ಮದ್ದುಗುಂಡಿನ ಕಾರ್ಖಾನೆಯ ನೌಕರಿ ಹಿಡಿದು ಇಲ್ಲಿಗೆ ಬಂದವರು. ಗುಂಡು ಹಾರಿಸಿ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದು ಅವರ ಬಲಗಿವಿ ಹೋಗಿತ್ತು. ಹಾಗಾಗಿ ನಮ್ಮ ಕ್ವಾರ್ಟರ್ಸಿನಲ್ಲಿ ಉಪ್ಪು ಕೇಳಬೇಕಾದರೂ ಕೂಗಬೇಕು. ಅಪ್ಪ ಹೋದರು, ನಾನು ಲಕ್ಷ್ಮೀ ನಗರದಲ್ಲಿ ಫ್ಲ್ಯಾಟು ಹಿಡಿದೆ, ಕೂಗು ಮಾತ್ರ ನನ್ನ ಜೊತೆಗೇ ಬಂತು. ‘ಹಳೂ ಮಾತಾಡವಾ, ಮಂದಿ ಏನಂದಾರು’ ಅಂತ ಅವ್ವ ಈಗಲೂ ಬೈಯುತ್ತಾಳೆ. ಮಂದಿ ಅನ್ನುವುದನ್ನೆಲ್ಲ ಯಾವತ್ತೋ ಅಂದು ಮುಗಿಸಿದ್ದಾರೆ.

ಕೆಲಸ ರಾಮದಾಸಪೇಠಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಆ ಕಡೆ ಒಂದು ಕಲ್ಲು ಎಸೆದರೆ ಯಾವುದಾದರೊಂದು ಆಸ್ಪತ್ರೆಯ ಗಾಜಿಗೇ ಬೀಳುತ್ತದೆ, ಯಾವುದೆಂದು ಹೇಳುವ ಅಗತ್ಯವಿಲ್ಲ. ರೋಗಿಗಳ ಲೆಕ್ಕ, ಔಷಧದ ಲೆಕ್ಕ, ಯಾವ ಹಾಸಿಗೆಯವರಿಗೆ ಯಾವ ಹೊತ್ತಿಗೆ ಏನು ಕೊಟ್ಟರು ಎಂಬುದೆಲ್ಲ ಕೂಡುವ ಡೇಟಾಬೇಸ್ ನನ್ನ ಸುಪರ್ದಿಯಲ್ಲಿದೆ. ಆ ಡೇಟಾಬೇಸ್ ಕೂತಿರುವ ಯಂತ್ರ, ಅದರ ಆಪರೇಟಿಂಗ್ ಸಿಸ್ಟಮ್ ಇನ್ನೊಬ್ಬನ ಸುಪರ್ದಿಯಲ್ಲಿ. ಅವನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟಮ್ ಭಾವು, ಅಂದರೆ ಸಿಸ್ಟಮ್ ಅಣ್ಣ, ಅನ್ನುತ್ತಾರೆ. ನನಗಿಂತ ಐದು ವರ್ಷ ಚಿಕ್ಕವನು. ಅವನ ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ನೌಕರ, ಮನೆ ಇಲ್ಲಿನ ಸದರ್ ಬಡಾವಣೆಯಲ್ಲಿ. ಕನ್ನಡದ ಒಂದಕ್ಷರ ಓದಲು ಬಾರದು, ಬೈಗುಳ ಮಾತ್ರ ಒಂದೂ ಮರೆತಿಲ್ಲ.

ನಮ್ಮಿಬ್ಬರ ಕೆಲಸವೇ ಜಗಳದ ಕೆಲಸ. ಆಪರೇಟಿಂಗ್ ಸಿಸ್ಟಮ್ ಅಂದರೆ ಯಂತ್ರದ ಮನೆ ಯಜಮಾನ. ಮೆಮೊರಿ ಅವನದು, ಡಿಸ್ಕು ಅವನದು, ಯಾರು ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಹೇಳುವವನೂ ಅವನೇ. ಡೇಟಾಬೇಸ್ ಅಲ್ಲಿ ಬಾಡಿಗೆಗೆ ಬಂದವಳು. ಆದರೆ ಎಂಥ ಬಾಡಿಗೆಯವಳು! ಬಂದ ದಿನವೇ ಮನೆಯ ಮುಕ್ಕಾಲು ಭಾಗ ಹಿಡಿದು, ಬೇರೆ ಒಲೆ ಹೂಡಿ, ಬೇರೆ ಕೀಲಿ ಜಡಿದು, ‘ನಿನ್ನ ಅಡಿಗೆ ನನಗೆ ಬೇಡ, ನನಗೇನು ಬೇಕೋ ನನಗೇ ಗೊತ್ತು’ ಅನ್ನುವವಳು. ಯಜಮಾನನೂ ಒಂದು ಮಿತಿಯ ತನಕ ತಡೆದುಕೊಳ್ಳುತ್ತಾನೆ. ಮೆಮೊರಿ ಪೂರ್ತಿ ತುಂಬಿ ಉಸಿರು ಕಟ್ಟಿತೋ, ಯಾರು ಅತಿ ಹೆಚ್ಚು ಜಾಗ ತಿಂದಿದ್ದಾರೆಂದು ಹುಡುಕಿ ಅವರ ಕುತ್ತಿಗೆ ಹಿಚುಕುತ್ತಾನೆ. ಎಚ್ಚರಿಕೆ ಕೊಡುವುದಿಲ್ಲ, ಕಾರಣ ಕೇಳುವುದಿಲ್ಲ. ಆಮೇಲೆ ತನ್ನ ದಿನಚರಿಯಲ್ಲಿ ‘ಇಂಥವರನ್ನು ಕೊಂದೆ’ ಎಂದು ಒಂದು ಸಾಲು ಬರೆದಿಡುತ್ತಾನೆ. ಅತಿ ಹೆಚ್ಚು ತಿಂದವಳು ಯಾವಾಗಲೂ ನನ್ನವಳೇ ಆಗಿರುತ್ತಾಳೆ.

ಏಪ್ರಿಲ್‌ನಲ್ಲಿ ಅದೇ ಆಯಿತು. ಸಿಸ್ಟಮ್ ಭಾವು ನನಗೆ ಹೇಳದೆ ಕೇಳದೆ ಕ್ಯಾಮೆರಾಗಳ ಚಿತ್ರ ಕೂಡಿಡುವ ಪ್ರೋಗ್ರಾಮನ್ನು ಅದೇ ಯಂತ್ರದ ಮೇಲೆ ಹಾಕಿದ. ಸೋಮವಾರ ಹನ್ನೊಂದು ಗಂಟೆ, ಹೊರರೋಗಿಗಳ ಸಾಲು ಗೇಟಿನ ತನಕ ಹೋಗಿದೆ, ಡೇಟಾಬೇಸ್ ಸತ್ತು ಬಿತ್ತು. ಇಡೀ ಆಸ್ಪತ್ರೆ ಕುರುಡಾಯಿತು. ನಾನು ಕ್ಯಾಂಟೀನಿನಲ್ಲಿ ಪೋಹೆ ತಿನ್ನುತ್ತಿದ್ದವಳು ಪ್ಲೇಟು ಬಿಟ್ಟು ಎದ್ದು ಅವನ ಮೇಜಿಗೆ ಹೋದೆ.

“ನನ್ನ ಡೇಟಾಬೇಸ್ ಕೊಂದಿಯಲ್ಲೋ ಭಾಡ್ಯಾ!”

“ನಾ ಎಲ್ಲಿ ಕೊಂದೀನ್ರಿ ಅಕ್ಕಾರ? ಸಿಸ್ಟಮ್ ಕೊಂದೈತಿ. ನಿಮ್ಮದು ಹೊಟ್ಟಿಬಾಕ ಐತಿ, ಬುಟ್ಟಿಗಟ್ಟಲೆ ತಿಂತೈತಿ. ಸಿಸ್ಟಮ್ ಬರೋಬರ್ ಮಾಡೈತಿ.”

“ಬರೋಬರ್? ನಿನ್ನ ಬಾಯಾಗ ಮಣ್ಣ ಬೀಳ್ಲಿ!”

ಎಂದವಳೇ ಮೇಜಿನ ಮೇಲಿದ್ದ ಮೌಸನ್ನು ವೈರಿನ ಸಮೇತ ಕಿತ್ತು ಎಸೆದೆ. ಅವನ ಎಡ ಹುಬ್ಬಿನ ಮೇಲೆ ಬಿತ್ತು. ಚರ್ಮ ಹರಿದು ರಕ್ತ ಕಣ್ಣಿಗೆ ಇಳಿಯಿತು. ತಪ್ಪಾಯಿತು ಅನ್ನುವಷ್ಟು ಒಳ್ಳೆಯವಳು ನಾನಲ್ಲ. ‘ಮೆಮೊರಿ ಸಾಲದಾದರೆ ಕ್ಯಾಮೆರಾ ಕೊಲ್ಲಬೇಕಿತ್ತು’ ಅಂತ ಮತ್ತೊಮ್ಮೆ ಕೂಗಿ ಹೊರಗೆ ಹೋದೆ. ಅವನಿಗೆ ನಮ್ಮ ಅಪಘಾತ ವಿಭಾಗದಲ್ಲೇ ಎರಡು ಹೊಲಿಗೆ ಬಿದ್ದವು.

ಇಲ್ಲೊಂದು ಮಾತು ಹೇಳಬೇಕು. ಈ ಜಗಳವೆಲ್ಲ ಹತ್ತಾರು ಜನರ ಎದುರಿಗೇ ನಡೆಯುತ್ತಿತ್ತು, ಆದರೆ ಕನ್ನಡದಲ್ಲಿ. ಆಸ್ಪತ್ರೆಯಲ್ಲಿ ಮರಾಠಿ, ಹಿಂದಿ ಬಿಟ್ಟರೆ ಬೇರೆ ಮಾತಿಲ್ಲ. ಕನ್ನಡ ನಮ್ಮಿಬ್ಬರ ಕೀಲಿ ಹಾಕಿದ ಕೋಣೆ. ದೊಡ್ಡ ಡಾಕ್ಟರ ಎದುರಿಗೆ ನಿಂತು, ಮುಖದ ಮೇಲೆ ನಗು ಇಟ್ಟುಕೊಂಡೇ ‘ಈ ಮುದುಕಗ ತಲಿ ಐತೇನು’ ಅಂದುಕೊಂಡಿದ್ದೇವೆ. ಯಾರಿಗೆ ಏನು ಹೇಳಿದರೂ ಸಿಕ್ಕಿಬೀಳುವುದಿಲ್ಲ ಎಂಬ ಸೊಕ್ಕು ನಮಗೆ ಎಷ್ಟು ಒಗ್ಗಿತ್ತೆಂದರೆ, ಅದು ಸೊಕ್ಕು ಎಂದೇ ಅನ್ನಿಸುತ್ತಿರಲಿಲ್ಲ.

ಅವನಿಗೆ ಹೊಲಿಗೆ ಹಾಕುವಾಗ ತಟ್ಟೆ ಹಿಡಿದು ನಿಂತಿದ್ದವಳು ಮೂರನೆಯ ಮಹಡಿಯ ಸಿಸ್ಟರ್. ಮೂವತ್ತರ ಹುಡುಗಿ, ಸೋಲಾಪುರ ಕಡೆಯವಳು, ಮಾತು ಕಡಿಮೆ. ಮಧ್ಯಾಹ್ನ ನಮ್ಮ ಪಕ್ಕದ ಮೇಜಿನಲ್ಲೇ ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದಳು. ನಾವು ಜಗಳಾಡುವಾಗ ತಲೆ ತಗ್ಗಿಸಿ ಭಾಕರಿ ಮುರಿಯುತ್ತ ತನ್ನಷ್ಟಕ್ಕೇ ನಗುತ್ತಿದ್ದಳು. ನಮ್ಮ ಕೈಬಾಯಿ ತಿರುವುವುದು ನೋಡಿ ನಗುತ್ತಾಳೆ ಎಂದುಕೊಂಡಿದ್ದೆ.

ಮೌಸಿನ ಪ್ರಕರಣದ ಮೇಲೆ ನಮ್ಮಿಬ್ಬರ ಮಾತು ನಿಂತಿತು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ವಾರ. ಒಂದೇ ಕೋಣೆ, ಒಂದೇ ಕೂಲರ್, ಬೆನ್ನಿಗೆ ಬೆನ್ನು. ಏನಾದರೂ ಹೇಳಬೇಕಾದರೆ ಅವನು ಗೋಡೆಗೆ ಹೇಳುತ್ತಿದ್ದ, ನಾನು ಕೂಲರಿಗೆ. ಆ ಮೂರು ವಾರದಲ್ಲೇ ನಾವಿಬ್ಬರೂ ಆ ಹೆಣ್ಣುಮಗಳ ಕೈ ಮುರಿಯುವ ತಯಾರಿ ಮಾಡಿದೆವು.

ಹೇಗೆ ಅಂದರೆ ಹೀಗೆ. ನರ್ಸು ಹಾಸಿಗೆಯ ಪಕ್ಕದ ಪರದೆಯಲ್ಲಿ ‘ಇಂಜೆಕ್ಷನ್ ಕೊಟ್ಟೆ’ ಎಂದು ಒತ್ತುತ್ತಾಳೆ. ಡೇಟಾಬೇಸ್ ಅದನ್ನು ಆಪರೇಟಿಂಗ್ ಸಿಸ್ಟಮಿಗೆ ಕೊಟ್ಟು ‘ಡಿಸ್ಕಿನಲ್ಲಿ ಬರಿ’ ಅನ್ನುತ್ತದೆ. ಆ ಯಜಮಾನ ಕೂಡಲೇ ‘ಬರೆದೆ’ ಅನ್ನುತ್ತಾನೆ. ಬರೆದಿರುವುದಿಲ್ಲ. ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತಾನೆ, ನಾಲ್ಕು ಕಾಗದ ಕೂಡಿದ ಮೇಲೆ ಒಟ್ಟಿಗೆ ಬರೆದರಾಯಿತು ಎಂದು. ನನ್ನಪ್ಪ ಹೀಗೇ ಮಾಡುತ್ತಿದ್ದರು. ಅವ್ವ ತವರಿಗೆ ಬರೆದ ಪತ್ರ ಕೊಟ್ಟು ಕಳಿಸಿದರೆ ಸಂಜೆ ಬಂದು ‘ಹಾಕಿದೆ’ ಅನ್ನುವರು. ಆಮೇಲೆ ಅಂಗಿ ಒಗೆಯುವಾಗ ಜೇಬಿನಲ್ಲಿ ಪತ್ರ ಮುದ್ದೆಯಾಗಿ ಸಿಗುತ್ತಿತ್ತು. ಈ ಚಾಳಿ ಡೇಟಾಬೇಸಿಗೆ ಗೊತ್ತು. ಅದಕ್ಕೇ ಅದು ‘ಜೇಬು ಖಾಲಿ ಮಾಡಿ ಡಿಸ್ಕಿಗೆ ಮುಟ್ಟಿಸಿ ಬಂದು ಹೇಳು, ಅಲ್ಲಿತನಕ ನಾನು ಇಲ್ಲೇ ನಿಂತಿರುತ್ತೇನೆ’ ಎಂದು ಹಟ ಹಿಡಿದು ಕಾಯುತ್ತದೆ. ಹಾಗೆ ಕಾದ ಮೇಲಷ್ಟೇ ನರ್ಸಿನ ಪರದೆಯಲ್ಲಿ ‘ಸೇವ್ ಆಯಿತು’ ಎಂದು ಹಸಿರು ಅಕ್ಷರ ಬರಬೇಕು.

ಮೇ ತಿಂಗಳಲ್ಲಿ ಯಂತ್ರ ನಿಧಾನವಾಯಿತು. ‘ಮ್ಯಾಡಮ್, ಸೇವ್ ಒತ್ತಿ ಚಹಾ ಕುಡಿದು ಬರಬಹುದು’ ಎಂದು ವಾರ್ಡಿನವರು ಬಾಯಿ ಮಾಡಿದರು. ದೊಡ್ಡ ಡಾಕ್ಟರು ಎಲ್ಲರೆದುರು ನನ್ನನ್ನು ಉಗಿದರು. ಅವಮಾನಕ್ಕೆ ಮೈಯೆಲ್ಲ ಉರಿದು ಹೋಯಿತು. ಸಿಸ್ಟಮ್ ಭಾವುವನ್ನು ಕೇಳಿದ್ದರೆ ಡಿಸ್ಕು ಯಾಕೆ ನಿಧಾನವಾಗಿದೆ ಎಂದು ನೋಡುತ್ತಿದ್ದ. ಕೇಳಬೇಕಾದರೆ ನಾನು ಮೊದಲು ಬಾಯಿ ಬಿಡಬೇಕು. ನಾನ್ಯಾಕೆ ಬಿಡಲಿ? ಕಾಯುವುದನ್ನೇ ತೆಗೆದುಹಾಕಿದೆ. ಒಂದು ಕಡೆ ‘ಆನ್’ ಎಂದಿದ್ದದ್ದನ್ನು ‘ಆಫ್’ ಮಾಡಿದೆ, ಅಷ್ಟೇ. ಇನ್ನು ಮೇಲೆ ಯಜಮಾನ ‘ಬರೆದೆ’ ಅಂದರೆ ನನ್ನ ಡೇಟಾಬೇಸ್ ನಂಬುತ್ತದೆ. ಹೇಗೂ ಅವನು ಅರ್ಧ ನಿಮಿಷಕ್ಕೊಮ್ಮೆ ಜೇಬು ಖಾಲಿ ಮಾಡುತ್ತಾನಲ್ಲ, ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದು ಅಳಿಯುತ್ತದೆ ನಿಜ, ಆದರೆ ಅರ್ಧ ನಿಮಿಷದ್ದಷ್ಟೇ ಹೋದೀತು ಎಂದುಕೊಂಡೆ.

ಅತ್ತ, ನನ್ನ ಬೆನ್ನ ಹಿಂದೆ ಕೂತು, ಅದೇ ವಾರ, ಅದೇ ಉಗಿಸಿಕೊಂಡ ಸಿಟ್ಟಿನಲ್ಲಿ ಅವನು ಆಪರೇಟಿಂಗ್ ಸಿಸ್ಟಮಿಗೆ ‘ಅರ್ಧ ನಿಮಿಷಕ್ಕೆಲ್ಲ ಬರೆಯಬೇಡ, ಬಹಳಷ್ಟು ಕೂಡಿದ ಮೇಲೆ ಬರಿ’ ಎಂದು ಹೇಳಿಟ್ಟಿದ್ದ. ಹೇಗೂ ಅಕ್ಕಾರ ಡೇಟಾಬೇಸ್ ಹಟ ಮಾಡಿ ತನ್ನದು ಬರೆಸಿಕೊಳ್ಳುತ್ತದಲ್ಲ ಎಂದು. ನಾನು ಅವನನ್ನು ನಂಬಿ ಕೈಬಿಟ್ಟೆ, ಅವನು ನನ್ನನ್ನು ನಂಬಿ ಕೈಬಿಟ್ಟ. ಯಂತ್ರ ಹಾರಿಹೋಗುವಂತೆ ಓಡತೊಡಗಿತು. ದೊಡ್ಡ ಡಾಕ್ಟರು ಇಬ್ಬರನ್ನೂ ಹೊಗಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಗುರುವಾರ ಹನ್ನೆರಡರ ಹೊತ್ತಿಗೆ ಒಬ್ಬನನ್ನು ಮೂರನೆಯ ಮಹಡಿಗೆ ತಂದರು. ಮದುವೆಗಳಿಗೆ ಹಂದರ ಹಾಕುವವನು, ಮೂವತ್ತೈದರ ಪ್ರಾಯ, ಬಿಸಿಲಲ್ಲಿ ಕೆಲಸ ಮಾಡುತ್ತಿದ್ದಾಗಲೇ ದಮ್ಮು ಏರಿ ತುಟಿ ನೀಲಿಯಾಗಿತ್ತು. ಡಾಕ್ಟರು ಇಂಜೆಕ್ಷನ್ ಬರೆದರು. ಸಿಸ್ಟರ್ ಹನ್ನೆರಡು ಇಪ್ಪತ್ತಕ್ಕೆ ಕೊಟ್ಟಳು, ಪರದೆಯಲ್ಲಿ ಒತ್ತಿದಳು. ಹತ್ತು ನಿಮಿಷದಲ್ಲಿ ಅವನು ಸತ್ತ. ಕೆಲವೊಮ್ಮೆ ಎಲ್ಲ ಸರಿಯಾಗಿ ಮಾಡಿದರೂ ಸಾಯುತ್ತಾರೆ.

ಅವನ ಅಣ್ಣತಮ್ಮಂದಿರು, ಜೊತೆ ಕೆಲಸದವರು ಕೆಳಗೆ ಟೆಂಪೋದಲ್ಲೇ ಇದ್ದರು. ಅರ್ಧ ಹಾಕಿದ ಹಂದರ ಬಿಟ್ಟು ಬಂದಿದ್ದರು, ಟೆಂಪೋದ ತುಂಬ ಕಬ್ಬಿಣದ ರಾಡು, ಸುತ್ತಿಗೆ, ಗೂಟ. ‘ನರ್ಸು ಫೋನಿನಲ್ಲಿ ಮಾತಾಡುತ್ತಿದ್ದಳು, ಇಂಜೆಕ್ಷನ್ನೇ ಕೊಡಲಿಲ್ಲ’ ಎಂದು ವಾರ್ಡಿನಲ್ಲಿ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಹನ್ನೆರಡು ಹದಿಮೂರು ಜನ ಮೆಟ್ಟಿಲು ಹತ್ತಿ ಬಂದರು. ಸಲೈನ್ ಕಂಬಗಳು ಉರುಳಿದವು, ಔಷಧದ ಟ್ರಾಲಿ ತಲೆಕೆಳಗಾಯಿತು, ಬಳಸಿದ ಸೀಸೆ ಹಾಕುವ ಡಬ್ಬಿಯನ್ನು ತುಳಿದು ಪುಡಿ ಮಾಡಿದರು. ಒಬ್ಬನು ಸಿಸ್ಟರ್ ಜಡೆ ಹಿಡಿದು ಎಳೆದ. ಇನ್ನೊಬ್ಬ ಅವಳ ಬಲಗೈ ತಿರುಚಿ ಮಂಚದ ಕಂಬಿಗೆ ಬಡಿದ. ಒಮ್ಮೆಯಲ್ಲ, ಮೂರು ಸಲ. ಆ ಸದ್ದು ಕಾರಿಡಾರಿನ ತನಕ ಕೇಳಿತಂತೆ. ಆಯಾ ಒಬ್ಬಳು ನೀರಿನ ಕೊಡ ಅವನ ಮುಖಕ್ಕೆ ಎಸೆದು ಅವಳನ್ನು ಬಿಡಿಸಿಕೊಂಡು ಓಡಿದಳು.

ಆಗ ಯಾವನೋ ಪುಣ್ಯಾತ್ಮ ಕೂಗಿದ: “ಪುರಾವಾ ಮಿಟವತೀಲ! ಕಂಪ್ಯೂಟರ್ ಪಕಡೋ!” ಸಾಕ್ಷಿ ಅಳಿಸಿಬಿಡುತ್ತಾರೆ, ಕಂಪ್ಯೂಟರ್ ಹಿಡಿಯಿರಿ ಎಂದು. ಗುಂಪು ನಮ್ಮ ಕೋಣೆಯ ಕಡೆಗೆ ತಿರುಗಿತು.

ಮೊದಲ ಏಟು ಬಾಗಿಲಿನ ಗಾಜಿಗೆ ಬಿತ್ತು. ಸಿಸ್ಟಮ್ ಭಾವು ಎದ್ದು ಹೋಗಿ ಯಂತ್ರಗಳಿರುವ ಒಳಬಾಗಿಲಿಗೆ ಎರಡೂ ಕೈ ಚಾಚಿ ಅಡ್ಡ ನಿಂತ. ಎರಡನೆಯ ಏಟು ಅವನ ಭುಜದ ಮೇಲೆ ಬಿತ್ತು. ಮೂರು ವಾರದ ಮೇಲೆ ಅವನ ಬಾಯಿಂದ ನನಗೆ ಬಂದ ಮೊದಲ ಮಾತು, “ಅಕ್ಕಾರ, ಟೇಬಲ್ ಕೆಳಗ ಹೊಕ್ಕೊಳ್ರಿ! ಜಲ್ದಿ!”

ನಾನು ಹೋಗಲಿಲ್ಲ. ಕಬ್ಬಿಣದ ಸ್ಟೂಲು ಎತ್ತಿ ಹತ್ತಿರ ಬಂದವನ ಮೊಣಕಾಲಿಗೆ ಬೀಸಿದೆ. ಅವನು ಕುಸಿದ. ಸುಳ್ಳು ಯಾಕೆ ಹೇಳಲಿ, ಹೊಡೆದಾಗ ಖುಷಿಯಾಯಿತು. ಇನ್ನೊಮ್ಮೆ ಎತ್ತುವಷ್ಟರಲ್ಲಿ ಯಾರೋ ನನ್ನನ್ನು ನೂಕಿದರು, ಹಣೆ ಗೋಡೆಗೆ ಬಡಿಯಿತು. ಬಿದ್ದಲ್ಲಿಂದ ನೋಡುತ್ತೇನೆ, ಭಾವುವಿನ ತಲೆಯಿಂದ ರಕ್ತ ಬಿಳಿ ಟೈಲ್ಸಿನ ಮೇಲೆ ತೊಟ್ಟಿಕ್ಕುತ್ತಿದೆ. ಸತ್ತವನ ಅಣ್ಣ, ಅಳುತ್ತ, ಒದರುತ್ತ, ರಾಡನ್ನು ಎರಡೂ ಕೈಯಲ್ಲಿ ಹಿಡಿದು, ಯಂತ್ರಕ್ಕೆ ಕರೆಂಟು ಕೊಡುವ ಬ್ಯಾಟರಿಗಳ ಕಪಾಟಿಗೆ ಇಳಿಸುತ್ತಿದ್ದಾನೆ. ಕಿಡಿ ಹಾರಿತು. ಯಂತ್ರದ ಫ್ಯಾನುಗಳ ಸದ್ದು ನಿಂತಿತು. ಸಾಕ್ಷಿ ಉಳಿಸಲು ಬಂದವನೇ ಸಾಕ್ಷಿಯನ್ನು ಕೊಂದ, ಆದರೆ ಅದನ್ನು ಸಾಯುವ ಹಾಗೆ ಕೂರಿಸಿಟ್ಟವರು ನಾವು.

ಪೊಲೀಸರು ಬಂದರು, ಲಾಠಿ ಬೀಸಿದರು, ಕೆಲವರನ್ನು ಹಿಡಿದರು, ಉಳಿದವರು ಓಡಿದರು. ಅಣ್ಣ ಓಡಲಿಲ್ಲ. ರಾಡು ಬಿಟ್ಟು ನಮ್ಮ ಕಾರಿಡಾರಿನ ನೆಲದ ಮೇಲೇ ಕೂತು ಹಣೆ ಬಡಿದುಕೊಳ್ಳುತ್ತಿದ್ದ. ಅವನನ್ನು ನೋಡಿ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ.

ಒಂದು ತಾಸಿನಲ್ಲಿ ಬೇರೆ ಬ್ಯಾಟರಿ ತಂದು ಯಂತ್ರ ಎಬ್ಬಿಸಿದೆವು. ಭಾವು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಒಂದು ಕೈಯಲ್ಲೇ ಕೀಲಿ ಒತ್ತಿದ. ಆಪರೇಟಿಂಗ್ ಸಿಸ್ಟಮ್ ಎದ್ದಿತು. ಡೇಟಾಬೇಸ್ ಕುಂಟುತ್ತ ಎದ್ದಿತು. ಕೊನೆಯ ಸಾಲು ನೋಡಿದೆ: ಹನ್ನೆರಡು ಗಂಟೆ ಎಂಟು ನಿಮಿಷ. ಅಲ್ಲಿಂದ ಮುಂದೆ ಏನೂ ಇಲ್ಲ. ಬ್ಯಾಟರಿ ಸತ್ತದ್ದು ಹನ್ನೆರಡೂ ಮುಕ್ಕಾಲಿಗೆ.

“ಅರ್ಧ ನಿಮಿಷದ್ದಲ್ಲೇನೋ ಹೋಗಬೇಕಾದದ್ದು?” ಎಂದೆ.

“ನಾ ಅದನ್ನ ಜಾಸ್ತಿ ಮಾಡಿದ್ದೆ. ನಿಮ್ಮ ಡೇಟಾಬೇಸ್ ಕಾಯ್ತದಲ್ರಿ?”

“ನಾ ಕಾಯೂದು ತಗದಿದ್ದೆ.”

ಅವನು ನನ್ನ ಮುಖ ನೋಡಿದ, ನಾನು ಅವನದು ನೋಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನಮಗೆ ಬುದ್ಧಿಯೂ ಬರಲಿಲ್ಲ, ಬಂದದ್ದು ಹೆದರಿಕೆ. ಆರು ತಿಂಗಳ ಹಿಂದೆ ವಾರ್ಡುಗಳ ಕಾಗದದ ರಿಜಿಸ್ಟರ್ ತೆಗೆಸಿದವಳು ನಾನೇ. ‘ಕಾಗದ ಯಾಕೆ, ನನ್ನ ಯಂತ್ರ ಇಲ್ಲವೇ’ ಎಂದು ಸಭೆಯಲ್ಲಿ ಎದೆ ತಟ್ಟಿ ಹೇಳಿದ್ದೆ. ಅವಳು ಇಂಜೆಕ್ಷನ್ ಕೊಟ್ಟದ್ದಕ್ಕೆ ಆ ಒಂದು ಸಾಲು ಬಿಟ್ಟು ಬೇರೆ ಆಧಾರ ಎಲ್ಲಿತ್ತು? ಸೀಸೆ ಪುಡಿಯಾಗಿತ್ತು, ಕ್ಯಾಮೆರಾ ಚಿತ್ರವೂ ಅದೇ ಯಂತ್ರದಲ್ಲಿತ್ತು, ಅದೂ ಹೋಗಿತ್ತು.

ಅಪಘಾತ ವಿಭಾಗಕ್ಕೆ ಕರೆ ಬಂತು. ಹೋದರೆ ಸಿಸ್ಟರ್ ಸ್ಟೂಲಿನ ಮೇಲೆ ಕೂತಿದ್ದಾಳೆ, ಬಲಗೈಗೆ ಪ್ಲಾಸ್ಟರ್ ಹಾಕುತ್ತಿದ್ದಾರೆ. ಮುಖ ಬೂದಿಯಂತಾಗಿದೆ, ಕಿವಿಯ ಹತ್ತಿರ ಕೂದಲು ಕಿತ್ತು ಬಂದ ಜಾಗ ಕೆಂಪಗಿದೆ. ಎದುರಿಗೆ ದೊಡ್ಡ ಡಾಕ್ಟರು, ಪಕ್ಕದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್, ಗೋಡೆಗೆ ಒರಗಿ ಸತ್ತವನ ಅಣ್ಣ, ಅವನ ತೋಳು ಹಿಡಿದ ಪೇದೆ.

“ಎಂಟ್ರಿ ಆಹೇ ಕೀ ನಾಹೀ?” ಇನ್‌ಸ್ಪೆಕ್ಟರ್ ಕೇಳಿದರು. ಎಂಟ್ರಿ ಇದ್ದರೆ ಅವಳು ಮನೆಗೆ, ಇಲ್ಲದಿದ್ದರೆ ತಮ್ಮ ಜೊತೆ ಠಾಣೆಗೆ, ಎಂದೂ ಹೇಳಿದರು.

ನಮಗೆ ಕನ್ನಡ ಇತ್ತಲ್ಲ. ಕೀಲಿ ಹಾಕಿದ ಕೋಣೆ. ಭಾವು ಡಾಕ್ಟರ ಕಡೆಗೆ ನೋಡುತ್ತಲೇ, ಯಂತ್ರದ ಬಗ್ಗೆ ಏನೋ ಕೇಳುವವನ ಹಾಗೆ, ನನಗೆ ಹೇಳಿದ, “ಅಕ್ಕಾರ, ಬರೇ ‘ಇಲ್ಲ’ ಅಂದಬಿಡ್ರಿ. ಯಾಕಿಲ್ಲ ಅಂತ ಹೇಳಾಕ ಹೋಗಬ್ಯಾಡ್ರಿ. ಬಾಯಿ ಬಿಟ್ರ ಬಣ್ಣಗೇಡ.”

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಮೆತ್ತಗೆ ಮಾಡುವುದಿಲ್ಲ. “ಹೂಂ. ಆಕಿನ ಒತ್ತಿಲ್ಲ ಅಂತ ತಿಳಕೊಳ್ಳಲಿ ಅವರು. ಆಕಿಗೆ ಇನ್ನೊಂದ ಕಡೆ ನೌಕರಿ ಸಿಗತೈತಿ. ನಮಗ ಯಾರ ಕೊಡತಾರ?”

ಹೇಳಿ ಇನ್‌ಸ್ಪೆಕ್ಟರ್ ಕಡೆ ತಿರುಗಿ, ಶುದ್ಧ ಮರಾಠಿಯಲ್ಲಿ, ಎಂಟ್ರಿ ಇಲ್ಲ ಸಾಹೇಬರೇ, ಎಂದೆ.

ಗೋಡೆಗೆ ಒರಗಿದ್ದವನು ಅವಳ ಮೇಲೆ ಎಗರಿದ. ಪೇದೆ ಹಿಡಿಯುವಷ್ಟರಲ್ಲಿ ಅವನ ಕಾಲು ಅವಳ ಸ್ಟೂಲಿಗೆ ಬಿದ್ದು, ಅವಳು ಹಸಿ ಪ್ಲಾಸ್ಟರಿನ ಕೈ ಊರಿಕೊಂಡೇ ನೆಲಕ್ಕೆ ಬಿದ್ದಳು. ಚೀರಲಿಲ್ಲ. ಎದ್ದು ಕೂತು, ನನ್ನನ್ನೇ ನೋಡಿದಳು.

“ಅಕ್ಕಾರ,” ಅಂದಳು. ಕನ್ನಡದಲ್ಲಿ. “ನಾ ಒತ್ತೀನ್ರಿ. ಸೇವ್ ಆತು ಅಂತ ಹಸರ ಅಕ್ಷರ ಬಂದಿತ್ರಿ. ನಿಮ್ಮ ಯಂತ್ರನ ಹೇಳಿತ್ರಿ, ಸೇವ್ ಆತು ಅಂತ.”

ನಾವಿಬ್ಬರೂ ಆಡಿದ್ದೆಲ್ಲ ಅವಳಿಗೆ ತಿಳಿದಿತ್ತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ನನಗೆ ಗೊತ್ತಿರುವ ವಿದ್ಯೆ ಅದು, ತಿರುಗಿ ಬೈಯುತ್ತಿದ್ದೆ. ಇಂಥ ಮೆತ್ತಗಿನ ಮಾತಿಗೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಆಮೇಲೆ ಕೂಗಿದೆ. ಅಪ್ಪನ ಕಿವಿಗೆ ಕೇಳುವಷ್ಟು ಜೋರಾಗಿ, ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೂಗಿದೆ. ಅವಳ ಎಂಟ್ರಿ ಮಾತ್ರ ಇಲ್ಲವೆಂದಲ್ಲ, ಹನ್ನೆರಡು ಎಂಟರಿಂದ ಮುಂದೆ ಇಡೀ ಆಸ್ಪತ್ರೆಯಲ್ಲಿ ಯಾರದ್ದೂ ಇಲ್ಲ. ನಾಲ್ಕೂ ಮಹಡಿ, ಔಷಧದಂಗಡಿ, ಅಡಿಗೆಮನೆ, ಯಾರು ಏನು ಒತ್ತಿದ್ದರೂ ಎಲ್ಲ ಹೋಗಿದೆ. ಯಂತ್ರ ಬರೆಯದೆಯೇ ಬರೆದೆ ಎಂದು ಹೇಳುವ ಹಾಗೆ ಮಾಡಿದ್ದು ನಾನು ಎಂದೆ. “ಅರ್ಧಾ ಮಾಝಾ,” ಎಂದ ಭಾವು. ಅರ್ಧ ನನ್ನದು. ಇನ್‌ಸ್ಪೆಕ್ಟರಿಗೆ ಮೊದಲು ಅರ್ಥವಾಗಲಿಲ್ಲ, ಎರಡು ಸಲ ಹೇಳಿಸಿದರು. ಸತ್ತವನ ಅಣ್ಣನಿಗೆ ಮೊದಲ ಸಲವೇ ಅರ್ಥವಾಯಿತು. ಪೇದೆಯ ಕೈ ಕೊಡವಿ ಬಂದು ನನ್ನ ಕೆನ್ನೆಗೆ ಹೊಡೆದ. ಮೇಲಿನ ಹಲ್ಲು ತುಟಿಗೆ ನಾಟಿ ಬಾಯಿ ತುಂಬ ರಕ್ತವಾಯಿತು. ಸ್ಟೂಲು ಅಲ್ಲೇ ಕಾಲ ಬಳಿ ಬಿದ್ದಿತ್ತು. ನಾನು ಎತ್ತಲಿಲ್ಲ.

ನಾಲ್ಕೂ ಮಹಡಿಯ ನರ್ಸುಗಳನ್ನು ಕರೆಸಿ ಕೇಳಿದರು. ಆ ಹೊತ್ತಿನಲ್ಲಿ ಎಲ್ಲರೂ ಏನೇನೋ ಒತ್ತಿದ್ದರು, ಯಾರದ್ದೂ ಇರಲಿಲ್ಲ. ಸಾಲು ಇಲ್ಲದ್ದಕ್ಕೆ ಅವಳೊಬ್ಬಳನ್ನೇ ದೂರಲು ಬರುವುದಿಲ್ಲ ಎಂದಾಯಿತು. ಸಂಜೆ ಅವಳು ಮನೆಗೆ ಹೋದಳು. ನಾನು, ಭಾವು ಠಾಣೆಯಲ್ಲಿ ಹೇಳಿಕೆ ಬರೆದುಕೊಟ್ಟೆವು.

ನಮ್ಮನ್ನು ಕೆಲಸದಿಂದ ತೆಗೆಯಲಿಲ್ಲ. ಕೆಳಗಿನ ದರ್ಜೆಗೆ ಇಳಿಸಿ ಅದೇ ಕೋಣೆಯಲ್ಲಿ ಕೂರಿಸಿದರು, ಯಂತ್ರ ಗೊತ್ತಿದ್ದವರು ನಾವಿಬ್ಬರೇ ಎಂದು. ತೆಗೆದಿದ್ದರೆ ಚಲೋ ಇತ್ತು. ಡೇಟಾಬೇಸ್ ಈಗ ಮತ್ತೆ ಹಟ ಹಿಡಿದು ಕಾಯುತ್ತದೆ. ಯಂತ್ರದಲ್ಲಿ ಒಂದಕ್ಷರ ಬದಲಿಸಿದರೂ ಇಬ್ಬರೂ ಗೋಡೆಯ ಮೇಲಿನ ಹಾಳೆಯಲ್ಲಿ ಬರೆದು ಸಹಿ ಹಾಕುತ್ತೇವೆ. ಜಗಳ ಬಿಟ್ಟಿಲ್ಲ, ಆದರೆ ಈಗ ಮರಾಠಿಯಲ್ಲಿ ಆಡುತ್ತೇವೆ. ಅದರಲ್ಲಿ ರುಚಿ ಇಲ್ಲ.

ಎರಡು ತಿಂಗಳ ಮೇಲೆ ಸಿಸ್ಟರ್ ಕೆಲಸಕ್ಕೆ ಬಂದಳು. ಮಣಿಕಟ್ಟು ನೆಟ್ಟಗೆ ಕೂಡಿಲ್ಲ, ಒಂದು ಕಡೆಗೆ ವಾಲಿದೆ. ಬಿದ್ದಾಗ ಎರಡನೆಯ ಸಲ ಸರಿದದ್ದಂತೆ. ಅಂದರೆ ನಾನು ‘ಇಲ್ಲ’ ಅಂದಾಗ. ಒಂದು ಮಧ್ಯಾಹ್ನ ಅವಳ ಮೇಜಿಗೆ ಹೋಗಿ ಕೂತೆ. ಇಷ್ಟು ವರ್ಷ ನಮ್ಮ ಮಾತೆಲ್ಲ ತಿಳಿಯುತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಮ್ಮವ್ವ ಅಕ್ಕಲಕೋಟಿ ಕಡೀಕಿ ಇದ್ಲರಿ. ಹಿಂಗ ಬೈತಿದ್ಲು, ಭಾಡ್ಯಾ, ಬಾಯಾಗ ಮಣ್ಣ ಬೀಳ್ಲಿ ಅಂತ. ಆಕಿ ಹ್ವಾದ ಮ್ಯಾಲ ಮನ್ಯಾಗ ಕನ್ನಡ ಇಲ್ರಿ. ನನಗ ತಿಳೀತೈತಿ ಅಂತ ಗೊತ್ತಾದ್ರ ನೀವು ನಿಲ್ಲಿಸಿಬಿಡತಿದ್ರಿ.” ಅವಳು ಡಬ್ಬಿ ಮುಚ್ಚಿದಳು. “ಈಗ ನಿಲ್ಲಿಸೀರಿ.”

ಅವಳ ಏಪ್ರನ್ನಿನ ಜೇಬಿನಲ್ಲಿ ಒಂದು ಚಿಕ್ಕ ನೋಟುಬುಕ್ಕು ಇರುತ್ತದೆ. ಇಂಜೆಕ್ಷನ್ ಕೊಟ್ಟ ಕೂಡಲೇ ಮೊದಲು ಅದರಲ್ಲಿ, ವಾಲಿದ ಕೈಯಲ್ಲಿ, ನಿಧಾನವಾಗಿ ಹೊತ್ತು ಬರೆಯುತ್ತಾಳೆ. ಪಕ್ಕದ ರೋಗಿಯ ಕಡೆಯವರ ಸಹಿ ಹಾಕಿಸುತ್ತಾಳೆ. ಆಮೇಲಷ್ಟೇ ಪರದೆ ಒತ್ತುತ್ತಾಳೆ. ಕಾಗದ ಇಡಬಾರದೆಂಬ ನನ್ನ ನಿಯಮ ಇನ್ನೂ ಗೋಡೆಯ ಮೇಲಿದೆ. ಮೊನ್ನೆ ವಾರ್ಡಿಗೆ ಹೋದಾಗ ಅವಳು ಬರೆಯುತ್ತಿದ್ದದ್ದನ್ನು ನೋಡಿ ನಿಂತೆ. ಅವಳು ನೋಟುಬುಕ್ಕು ಮುಚ್ಚಿಡಲಿಲ್ಲ.

“ಈಗ ಖರೇನ ಬರೀತೈತವ್ವಾ,” ಎಂದೆ. “ಡಿಸ್ಕಿಗೆ ಮುಟ್ಟಿದ ಮ್ಯಾಲನ ಹಸರ ಅಕ್ಷರ ಬರತಾವ. ಇನ್ನೂ ಯಂತ್ರದ ಮ್ಯಾಲ ನಂಬಿಕಿ ಇಲ್ಲೇನು?”

ಅವಳು ಬರೆದು ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿದಳು.

“ಯಂತ್ರದ ಮ್ಯಾಲ ಐತ್ರಿ, ಅಕ್ಕಾರ,” ಎಂದಳು.